ಬೆಲೆಬಾಳುವ ಪಾರ್ಸೆಲ್‌ಗೆ ವಿಮೆ ಮಾಡಿಸೋದು ಹೇಗೆ? ರೇಷ್ಮೆ ಸೀರೆ ಕಳಿಸುವವರು ದಯವಿಟ್ಟು ಹೇಳಿ

ಮಗ್ಗದಮನೆ (ಮೊಳಕಾಲ್ಮೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಮೊಳಕಾಲ್ಮೂರು. ಮನೆಯಲ್ಲೇ ಮಗ್ಗ ಇದೆ. ಅಕ್ಕಪಕ್ಕದ ಮನೆಯವರು ನೇಯ್ದ ಸೀರೆಗಳನ್ನೂ ಸೇರಿಸಿ ವಾಟ್ಸಾಪ್‌ನಲ್ಲಿ ಫೋಟೊ ಹಾಕಿ ಮಾರುತ್ತೇವೆ. ಬೆಂಗಳೂರು, ಪುಣೆ, ಹೈದರಾಬಾದ್ ಕಡೆಗೆ ಜಾಸ್ತಿ ಹೋಗುತ್ತವೆ. ಒಂದೊಂದು ಸೀರೆ 12 ಸಾವಿರದಿಂದ 30 ಸಾವಿರದವರೆಗೆ ಇರುತ್ತದೆ.

ಹೋದ ತಿಂಗಳು ಪುಣೆಗೆ ಕಳಿಸಿದ 22,000 ರೂಪಾಯಿಯ ಸೀರೆ ತಲುಪಲೇ ಇಲ್ಲ. ಪೆಟ್ಟಿಗೆ ಮಾತ್ರ ತಲುಪಿದೆ. ಮೇಲಿನ ಟೇಪ್ ಕಿತ್ತು ಬೇರೆ ಟೇಪ್ ಹಾಕಿದ್ದಾರೆ, ಒಳಗೆ ಹಳೆ ಬಟ್ಟೆ ತುಂಬಿದ್ದಾರೆ. ಕೊರಿಯರ್‌ನವರನ್ನು ಕೇಳಿದರೆ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರೋದನ್ನು ತೋರಿಸಿ, ಕೊಟ್ಟ ಬಾಡಿಗೆಯಷ್ಟು ಮಾತ್ರ ವಾಪಸ್ ಕೊಡುತ್ತೇವೆ ಅನ್ನುತ್ತಾರೆ. ರಸೀದಿಯಲ್ಲಿ ಮಾಲಿನ ಬೆಲೆ 22,000 ಅಂತ ಬರೆಸಿದ್ದೇವೆ, ಅದಕ್ಕೆ ಬೆಲೆಯೇ ಇಲ್ವಾ? ಕೊಂಡವರಿಗೆ ನಾವು ದುಡ್ಡು ವಾಪಸ್ ಕೊಟ್ಟಿದ್ದೇವೆ, ಆದರೆ ನೇಯ್ದವರ ಕೂಲಿ, ರೇಷ್ಮೆ, ಜರಿ ಎಲ್ಲ ಹೋಯಿತಲ್ಲ. ಈ ಗಾತ್ರದ ವ್ಯಾಪಾರಕ್ಕೆ ಇಂಥ ಒಂದು ಪೆಟ್ಟು ಸಣ್ಣದಲ್ಲ.

ಮದುವೆ ಸೀಸನ್ ಬರುತ್ತಿದೆ, ಇನ್ನು ಮುಂದೆ ಪ್ರತಿ ಪಾರ್ಸೆಲ್‌ಗೂ ವಿಮೆ ಬೇಕು. ಅಂಚೆಯಲ್ಲಿ ಮಾಡಿಸಬೇಕಾ, ಕೊರಿಯರ್‌ನವರ ಹತ್ತಿರವೇ ಮಾಡಿಸಬೇಕಾ, ಇಲ್ಲ ನಾವೇ ವಿಮೆ ಕಂಪನಿಗೆ ಹೋಗಬೇಕಾ? ಗೊತ್ತಿರುವವರು ಬಿಡಿಸಿ ಹೇಳಿ.

---

ಅರಗುಮೊಹರು

ನೋಡಮ್ಮಾ, ನಾನು ಅಂಚೆ ಇಲಾಖೆಯಲ್ಲಿ ಕೌಂಟರ್ ಕೆಲಸ ಮಾಡಿ ನಿವೃತ್ತನಾದವನು. ನನಗೆ ಗೊತ್ತಿರುವ ಅಂಚೆ ಕಡೆಯದನ್ನು ಹೇಳುತ್ತೇನೆ, ಕೊರಿಯರ್ ವಿಷಯ ಬೇರೆಯವರು ಹೇಳಲಿ.

ಜನ ರಿಜಿಸ್ಟರ್ ಮಾಡಿಸಿದರೆ ವಿಮೆ ಮಾಡಿಸಿದ ಹಾಗೆ ಅಂದುಕೊಳ್ಳುತ್ತಾರೆ. ಎರಡೂ ಬೇರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಈಗ ಸ್ಪೀಡ್ ಪೋಸ್ಟ್ ಮೇಲೆ ಹೆಚ್ಚುವರಿ ಶುಲ್ಕ ಕಟ್ಟಿದರೆ ರಿಜಿಸ್ಟ್ರೇಷನ್ ಸಿಗುತ್ತದೆ, ಅಂದರೆ ವಿಳಾಸದಲ್ಲಿ ಯಾರ ಹೆಸರಿದೆಯೋ ಅವರ ಕೈಗೇ ಕೊಡುತ್ತಾರೆ. ಓಟಿಪಿ ಹೇಳಿದ ಮೇಲೆ ಕೊಡುವ ವ್ಯವಸ್ಥೆಯೂ ಇದೆ. ಅದು ಯಾರ ಕೈ ಸೇರಬೇಕು ಅನ್ನುವುದಕ್ಕೆ ಮಾತ್ರ. ಕಳೆದುಹೋದರೆ ದುಡ್ಡು ಎಷ್ಟು ಬರುತ್ತದೆ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ.

ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಸಿಗುವುದು ಕೊಟ್ಟ ಶುಲ್ಕದ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ನೀವು 100 ರೂಪಾಯಿ ಕಟ್ಟಿದ್ದರೆ 200 ಬರುತ್ತದೆ, ಒಳಗೆ 22,000ದ ಸೀರೆ ಇದ್ದರೂ ಅಷ್ಟೇ. ಅಂಚೆಗೆ ಕಾನೂನಿನ ರಕ್ಷಣೆ ಮೊದಲಿನಿಂದಲೂ ಇದೆ. 1898ರ ಕಾಯ್ದೆಯಲ್ಲಿ ಇತ್ತು, ಅದರ ಬದಲಿಗೆ ಬಂದ 2023ರ ಕಾಯ್ದೆಯಲ್ಲೂ ಇದೆ. ನಿಯಮದಲ್ಲಿ ಹೇಳಿದಷ್ಟು ಹೊಣೆ ಮಾತ್ರ ಅಂಚೆಯದು. ಹಾಗಾಗಿ ಬೆಲೆಬಾಳುವ ವಸ್ತು ಇದ್ದರೆ ಕೌಂಟರ್‌ನಲ್ಲಿ ಬಾಯಿಬಿಟ್ಟು "ಇನ್ಶೂರ್ ಮಾಡಿಸಬೇಕು" ಅಂತ ಕೇಳಬೇಕು. ಸ್ಪೀಡ್ ಪೋಸ್ಟ್‌ನಲ್ಲಿ 1 ಲಕ್ಷ ರೂಪಾಯಿಯವರೆಗೆ ವಿಮೆ ಮಾಡಿಸಬಹುದು. ನಿಮ್ಮ ಸೀರೆಗಳಿಗೆ ಅಷ್ಟು ಧಾರಾಳವಾಗಿ ಸಾಕು. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ದೊಡ್ಡ ಮೊತ್ತಕ್ಕೆ ತೆಗೆದುಕೊಳ್ಳುವುದಿಲ್ಲ, ತಾಲ್ಲೂಕು ಕೇಂದ್ರದ ಕಚೇರಿಗೋ ಚಿತ್ರದುರ್ಗದ ಪ್ರಧಾನ ಕಚೇರಿಗೋ ಹೋಗಿ.

ಪ್ಯಾಕಿಂಗ್ ವಿಷಯದಲ್ಲಿ ನಿಯಮ ಬಿಗಿ ಇದೆ, ಅದು ಇರೋದು ನಿಮ್ಮ ಒಳ್ಳೆಯದಕ್ಕೇ. ಮೇಲೆ ಬಟ್ಟೆ ಸುತ್ತಿ ಹೊಲಿದು ಅಥವಾ ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ, ಜೋಡಿಸಿದ ಪ್ರತಿ ಅಂಚಿನ ಮೇಲೂ ಅರಗಿನ ಮೊಹರು ಒತ್ತಬೇಕು. ಎಲ್ಲ ಮೊಹರೂ ಒಂದೇ ಬಗೆಯ ಅರಗಿನದಾಗಿರಬೇಕು, ಒಂದೇ ಗುರುತು ಇರಬೇಕು. ನಾಣ್ಯ ಒತ್ತಿ ಮೊಹರು ಮಾಡಿದರೆ ನಡೆಯುವುದಿಲ್ಲ, ಯಾಕೆಂದರೆ ಅಂಥ ನಾಣ್ಯ ಯಾರ ಹತ್ತಿರವೂ ಇರುತ್ತದೆ, ಒಡೆದು ಮತ್ತೆ ಒತ್ತಬಹುದು. ನಿಮ್ಮ ಮನೆಯದೇ ಒಂದು ಅಚ್ಚು ಮಾಡಿಸಿಕೊಳ್ಳಿ. ವಿಮೆಯ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು, ಹೊಡೆದುಹಾಕಿ ತಿದ್ದಿದರೆ ತೆಗೆದುಕೊಳ್ಳುವುದಿಲ್ಲ. ಕೌಂಟರ್‌ನಲ್ಲಿ ತೂಕ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ, ಆ ತೂಕ ರಸೀದಿಯಲ್ಲಿ ಸರಿಯಾಗಿ ಬಂದಿದೆಯಾ ನೋಡಿಕೊಳ್ಳಿ. ದಾರಿಯಲ್ಲಿ ಯಾರಾದರೂ ಕೈ ಹಾಕಿದ್ದರೆ ಮೊದಲು ಹೇಳುವುದು ತೂಕವೇ.

ಇನ್ನೊಂದು ಮುಖ್ಯ ಮಾತು. ಮೊಹರು ಒಡೆದಿದ್ದರೆ ಅಥವಾ ತೂಕ ಕಡಿಮೆ ಕಂಡರೆ ಪಡೆಯುವವರು ಸಹಿ ಹಾಕಿ ಮನೆಗೆ ತರಬಾರದು. ಓಪನ್ ಡೆಲಿವರಿ ಕೇಳಬೇಕು, ಅಂದರೆ ಅಂಚೆ ಕಚೇರಿಯಲ್ಲಿ ಅಧಿಕಾರಿಯ ಎದುರಿಗೇ ಬಿಚ್ಚಿ, ಏನಿದೆ ಏನಿಲ್ಲ ಅಂತ ಬರೆಸಿಕೊಳ್ಳುವುದು. ತಕರಾರಿಲ್ಲದೆ ಸಹಿ ಹಾಕಿ ತೆಗೆದುಕೊಂಡ ಮೇಲೆ ಪರಿಹಾರ ಸಿಗೋದು ತುಂಬಾ ಕಷ್ಟ. ಇದನ್ನು ನಿಮ್ಮ ಗ್ರಾಹಕರಿಗೆ ಮೊದಲೇ ಹೇಳಿಡಿ. ನಿಜವಾದ ಬೆಲೆಗಿಂತ ಜಾಸ್ತಿಗೆ ವಿಮೆ ಮಾಡಿಸಿದರೂ ಉಪಯೋಗ ಇಲ್ಲ, ನಷ್ಟ ಎಷ್ಟೋ ಅಷ್ಟೇ ಕೊಡುವುದು.

---

ಡಾಕೆಟ್‌ಬುಕ್

ಮೇಡಂ, ನಾನು ದಾವಣಗೆರೆಯಲ್ಲಿ ಕೊರಿಯರ್ ಮತ್ತು ಪಾರ್ಸೆಲ್ ಬುಕಿಂಗ್ ಕೆಲಸದಲ್ಲಿದ್ದೇನೆ. ರಸೀದಿಯಲ್ಲಿ ಬರೆಸಿದ ಬೆಲೆ ವಿಮೆ ಅಲ್ಲ. ಅದು ಬಿಲ್‌ಗೆ, ತೆರಿಗೆಗೆ, 50,000 ದಾಟಿದರೆ ಇ-ವೇ ಬಿಲ್‌ಗೆ ಬೇಕಾಗುವ ಬೆಲೆ. ನಮ್ಮ ಕೌಂಟರ್‌ಗೆ ಬರುವವರಲ್ಲಿ ಹೆಚ್ಚಿನವರು ಆ ಖಾನೆ ತುಂಬಿಸಿದರೆ ಆಯಿತು ಅಂತ ನಂಬಿ ಹೋಗುತ್ತಾರೆ, ಬುಕಿಂಗ್ ಹುಡುಗರೂ ಬಿಡಿಸಿ ಹೇಳಲ್ಲ. ಇದು ತಪ್ಪು, ಹೇಳಲೇಬೇಕು.

ಡಾಕೆಟ್ ಮೇಲೆ, ಅಂದರೆ ಬುಕಿಂಗ್ ರಸೀದಿ ಮೇಲೆ, ಒಂದು ಸಣ್ಣ ಚೌಕ ಇರುತ್ತದೆ ನೋಡಿ. ಓನರ್ಸ್ ರಿಸ್ಕ್, ಕ್ಯಾರಿಯರ್ಸ್ ರಿಸ್ಕ್ ಅಂತ ಎರಡು ಇರುತ್ತವೆ. ನೀವು ಏನೂ ಹೇಳದಿದ್ದರೆ ಓನರ್ಸ್ ರಿಸ್ಕ್‌ಗೆ ಟಿಕ್ ಬೀಳುತ್ತದೆ. ಅಂದರೆ ಮಾಲು ಹೋದರೆ ಹೊಣೆ ಮಾಲಿನ ಯಜಮಾನರದು, ಕಂಪನಿ ತನ್ನ ಷರತ್ತಿನಲ್ಲಿ ಬರೆದಷ್ಟು ಮಾತ್ರ ಕೊಡುತ್ತದೆ. ಕ್ಯಾರಿಯರ್ಸ್ ರಿಸ್ಕ್ ತೆಗೆದುಕೊಂಡರೆ ಬಾಡಿಗೆ ಜೊತೆಗೆ ಮಾಲಿನ ಬೆಲೆಯ ಮೇಲೆ ಶೇಕಡಾವಾರು ಹಾಕುತ್ತಾರೆ, ನಾವು ಅದನ್ನು ಎಫ್‌ಓವಿ ಅಂತೀವಿ. ಒಂದೊಂದು ಕಂಪನಿಯಲ್ಲಿ ಒಂದೊಂದು ದರ, ಕನಿಷ್ಠ ಮೊತ್ತ ಅಂತ ಬೇರೆ ಇರುತ್ತದೆ. ಓನರ್ಸ್ ರಿಸ್ಕ್‌ನಲ್ಲೂ ಎಫ್‌ಓವಿ ಅಂತ ಸ್ವಲ್ಪ ದುಡ್ಡು ಹಾಕುವ ಕಂಪನಿಗಳಿವೆ. ಹಾಗಾಗಿ ಬಿಲ್‌ನಲ್ಲಿ ಎಫ್‌ಓವಿ ಕಂಡ ಮಾತ್ರಕ್ಕೆ ವಿಮೆ ಆಯಿತು ಅಂದುಕೊಳ್ಳಬೇಡಿ. "ಪೂರ್ತಿ ಹೋದರೆ ನನಗೆ ಎಷ್ಟು ಕೊಡುತ್ತೀರಿ, ಎಲ್ಲಿ ಬರೆದಿದೆ ತೋರಿಸಿ" ಅಂತ ಕೇಳಿ. ಬಾಯಿಮಾತು ಬೇಡ, ಡಾಕೆಟ್ ಮೇಲೆ ಟಿಕ್ ಹಾಕಿ ಸಹಿ ಮಾಡಿಸಿ.

ಓನರ್ಸ್ ರಿಸ್ಕ್‌ನಲ್ಲಿ ಕಳಿಸಿ ನಿಮ್ಮದೇ ವಿಮೆ ಇದ್ದರೆ, ಮಾಲು ಹೋದಾಗ ಕಂಪನಿಯಿಂದ ಸಿಓಎಫ್ ಕೇಳಬೇಕು. ಮಾಲು ಕಳೆದಿದೆ ಅಥವಾ ಹಾಳಾಗಿದೆ ಅಂತ ಕೊರಿಯರ್ ಕಂಪನಿಯೇ ಬರೆದುಕೊಡುವ ಕಾಗದ ಅದು. ಅದಿಲ್ಲದೆ ವಿಮೆ ಕಂಪನಿ ಫೈಲ್ ಮುಂದೆ ಹಾಕಲ್ಲ. ಅದನ್ನು ಕೊಡಲು ಸತಾಯಿಸುತ್ತಾರೆ, ಬಿಡಬೇಡಿ, ಮೇಲ್ ಹಾಕಿ ಕೇಳಿ, ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆ ಇರಲ್ಲ.

---

ತುಂಗಾತೀರ

ಇದೇ ಎಳೆಯಲ್ಲಿ ನನ್ನದೊಂದು ಪ್ರಶ್ನೆ. ತಂಗಿಯ ಗೃಹಪ್ರವೇಶಕ್ಕೆ ಬೆಳ್ಳಿ ದೀಪ ಕಳಿಸಬೇಕು, ಶಿವಮೊಗ್ಗದಿಂದ ಚೆನ್ನೈಗೆ. ಕ್ಯಾರಿಯರ್ಸ್ ರಿಸ್ಕ್ ಅಂತ ಹಾಕಿಸಿದರೆ ಸಾಕಾ?

---

ಡಾಕೆಟ್‌ಬುಕ್

ಬೇಡ ಸರ್. ಚಿನ್ನ, ಬೆಳ್ಳಿ, ಒಡವೆ, ನಗದು ಇವು ಹೆಚ್ಚಿನ ಕೊರಿಯರ್ ಕಂಪನಿಗಳ ನಿಷೇಧದ ಪಟ್ಟಿಯಲ್ಲಿವೆ. "ಗಿಫ್ಟ್ ಐಟಂ" ಅಂತ ಬರೆಸಿ ಕಳಿಸುತ್ತಾರೆ, ಕಳೆದ ದಿನ ಆ ಬರಹವೇ ನಿಮ್ಮ ವಿರುದ್ಧ ಸಾಕ್ಷಿ ಆಗುತ್ತದೆ. ನೀವು ಎಷ್ಟು ಎಫ್‌ಓವಿ ಕಟ್ಟಿದ್ದರೂ ಪ್ರಯೋಜನ ಇಲ್ಲ.

---

ಅರಗುಮೊಹರು

ತುಂಗಾತೀರ ಅವರೇ, ಅಂಚೆಯಲ್ಲಿ ಕಳಿಸಿ. ಚಿನ್ನ, ಬೆಳ್ಳಿ, ಒಡವೆ, ರತ್ನ ಇರುವ ಪಾರ್ಸೆಲ್‌ಗೆ ವಿಮೆ ಮಾಡಿಸಲೇಬೇಕು ಅಂತ ಅಂಚೆಯ ನಿಯಮವೇ ಇದೆ. ಒಳಗೆ ಏನಿದೆ ಅಂತ ಮರೆಮಾಚದೆ ಹೇಳಿ. ಖರೀದಿ ಬಿಲ್‌ನ ಪ್ರತಿ ಇಟ್ಟುಕೊಳ್ಳಿ.

---

ಗಟ್ಟಿಮಾತು

ಮಗ್ಗದಮನೆ ಅಕ್ಕ, ಇಷ್ಟೆಲ್ಲ ತಲೆಬಿಸಿ ಯಾಕೆ? ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ, ರಸೀದಿ ಹಿಂದಿನ ಸಣ್ಣ ಅಕ್ಷರ ಎಲ್ಲ ಅಲ್ಲಿ ನಿಲ್ಲಲ್ಲ. ಪೂರ್ತಿ 22,000, ಮೇಲೆ ಮಾನಸಿಕ ಹಿಂಸೆಗೂ ಕೊಡಿಸುತ್ತಾರೆ. ವಿಮೆಗೆ ದುಡ್ಡು ಸುಮ್ನೆ ದಂಡ.

---

ಕಾಯ್ದೆಕಟ್ಟಳೆ (ಬೆಂಗಳೂರು)

ಗಟ್ಟಿಮಾತು ಅವರು ಹೇಳಿದ್ದನ್ನು ನಂಬಿ ಯಾರೂ ವಿಮೆ ಬಿಡಬೇಡಿ. ನಾನು ವಕೀಲಿ ಮಾಡುವವಳು, ಈ ಬಗೆಯ ಪ್ರಕರಣ ನೋಡುತ್ತಿರುತ್ತೇನೆ.

1996ರಲ್ಲಿ ಸುಪ್ರೀಂ ಕೋರ್ಟ್ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜರ್ಮನಿಗೆ ಕಳಿಸಿದ ದಾಖಲೆಗಳ ಲಕೋಟೆ ತಲುಪಲಿಲ್ಲ, ಅದರಿಂದ ವ್ಯಾಪಾರದಲ್ಲಿ ದೊಡ್ಡ ನಷ್ಟವಾಯಿತು. ಆದರೆ ಕಳಿಸಿದವರು ಸಹಿ ಹಾಕಿದ ಕಾಗದದಲ್ಲಿ ಕಂಪನಿಯ ಹೊಣೆ 100 ಡಾಲರ್‌ಗೆ ಮಾತ್ರ ಅಂತ ಇತ್ತು. ಸಹಿ ಹಾಕಿದ ಮೇಲೆ ಅದು ಒಪ್ಪಂದ, ಅಷ್ಟೇ ಸಿಗುವುದು ಅಂತ ಕೋರ್ಟ್ ಹೇಳಿತು. ಇವತ್ತಿಗೂ ಕೊರಿಯರ್ ಕಂಪನಿಗಳ ವಕೀಲರು ಮೊದಲು ಮುಂದಿಡುವುದು ಇದೇ ತೀರ್ಪನ್ನು. ಷರತ್ತನ್ನು ಓದಲು ಕೊಡಲಿಲ್ಲ, ವಿವರಿಸಲಿಲ್ಲ, ಸಹಿಯೇ ಇಲ್ಲ ಅನ್ನುವ ಪ್ರಕರಣಗಳಲ್ಲಿ ಗ್ರಾಹಕ ಆಯೋಗಗಳು ಕಳಿಸಿದವರ ಪರವಾಗಿ ಹೇಳಿದ್ದೂ ಇದೆ. ಅಂದರೆ ಎರಡೂ ಕಡೆ ಆಗುತ್ತದೆ. ಎರಡೂ ಕಡೆ ಆಗುವ ವಿಷಯವನ್ನು ನಂಬಿಕೊಂಡು 30 ಸಾವಿರದ ಸೀರೆ ಕಳಿಸಬಾರದು.

ಕಳ್ಳತನ ಮತ್ತು ಕೆಲಸಗಾರರ ಕೈವಾಡ ಸಾಬೀತಾಗುವಂತಿದ್ದರೆ ವಾದ ಬಲವಾಗುತ್ತದೆ. ಮಗ್ಗದಮನೆ ಅವರ ಪ್ರಕರಣದಲ್ಲಿ ಪೆಟ್ಟಿಗೆಯೊಳಗೆ ಹಳೆ ಬಟ್ಟೆ ತುಂಬಿದ್ದಾರೆ ಅಂದರೆ ಅದು ಕಳೆದುಹೋದದ್ದಲ್ಲ, ಯಾರೋ ತೆಗೆದದ್ದು. ಪೊಲೀಸರಿಗೆ ದೂರು ಕೊಡಿ.

ಈಗಾಗಲೇ ಹೋದ ಪಾರ್ಸೆಲ್ ವಿಷಯಕ್ಕೆ ಬರುತ್ತೇನೆ. ರಸ್ತೆ ಸಾಗಣೆಯ 2007ರ ಕಾಯ್ದೆ ಪ್ರಕಾರ ಸಾಗಣೆದಾರರ ಮೇಲೆ ದಾವೆ ಹಾಕಬೇಕಾದರೆ ಮೊದಲು ಲಿಖಿತ ನೋಟಿಸ್ ಕೊಟ್ಟಿರಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ಈ ಅವಧಿ ಮೀರಿ ಒಳ್ಳೊಳ್ಳೆ ಪ್ರಕರಣಗಳು ಬಿದ್ದುಹೋಗಿವೆ. ನಾಳೆಯೇ ನೋಟಿಸ್ ಕಳಿಸಿ, ಬುಕಿಂಗ್ ಕಚೇರಿಗೂ ಕಂಪನಿಯ ಮುಖ್ಯ ಕಚೇರಿಗೂ. ಅದೇ ಕಾಯ್ದೆಯ ನಿಯಮದಲ್ಲಿ, ಹೆಚ್ಚಿನ ರಿಸ್ಕ್ ದರ ಕಟ್ಟದಿದ್ದರೆ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಮಾತ್ರ, ಅದೂ ನೀವು ಹೇಳಿದ ಬೆಲೆ ಮೀರದ ಹಾಗೆ ಅಂತ ಇದೆ. 150 ರೂಪಾಯಿ ಬಾಡಿಗೆ ಕಟ್ಟಿದ್ದರೆ 1,500. ಬಾಡಿಗೆಯಷ್ಟೇ ಕೊಡುತ್ತೇವೆ ಅನ್ನುವವರಿಗೆ ಈ ನಿಯಮ ತೋರಿಸಿ ಕೇಳಬಹುದು. ಆದರೂ 22,000ಕ್ಕೂ 1,500ಕ್ಕೂ ಎಷ್ಟು ಅಂತರ ಅಲ್ವಾ?

ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಪುಣೆಗೆ ಓಡಾಡಬೇಕಿಲ್ಲ. ಇಂಥ ಸಣ್ಣ ಪ್ರಕರಣಕ್ಕೆ ಶುಲ್ಕವೂ ಇಲ್ಲ. ನೀವು ವ್ಯಾಪಾರಿ, ಗ್ರಾಹಕರಲ್ಲ ಅಂತ ಅವರು ವಾದಿಸುತ್ತಾರೆ. ಜೀವನೋಪಾಯಕ್ಕೆ ಸ್ವಂತ ದುಡಿಮೆ ಮಾಡುವವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ, ಮಗ್ಗ ಮನೆಯಲ್ಲೇ ಇದೆ ಅನ್ನುವುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಕೆಲವು ಸಲ ಅಲ್ಲೇ ಬಗೆಹರಿಯುತ್ತದೆ.

---

ಮಗ್ಗದಮನೆ (ಮೊಳಕಾಲ್ಮೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 180 ದಿನದ ವಿಷಯ ನಮ್ಮೂರಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಬುಕಿಂಗ್ ಆಗಿ ಇನ್ನೂ ಅಷ್ಟು ದಿನ ಆಗಿಲ್ಲ, ನೋಟಿಸ್ ಬರೆಸುತ್ತೇವೆ.

ಇನ್ನೊಂದು ಕೇಳಬೇಕು. ಸೀಸನ್‌ನಲ್ಲಿ ದಿನಾ ಪಾರ್ಸೆಲ್ ಹೋಗುತ್ತದೆ. ಪ್ರತಿ ಸಲ ಅರಗು ಹಾಕಿಕೊಂಡು ಅಂಚೆ ಕಚೇರಿಯಲ್ಲಿ ನಿಲ್ಲೋದು ಕಷ್ಟ. ವರ್ಷಕ್ಕೆ ಒಂದೇ ಸಲ ವಿಮೆ ಮಾಡಿಸಿ ಎಲ್ಲ ಪಾರ್ಸೆಲ್‌ಗೂ ಆಗುವ ಹಾಗೆ ಏನಾದರೂ ಇದೆಯಾ?

---

ಸರ್ವೆ_ಹುಬ್ಬಳ್ಳಿ

ಇದೆ. ಮರೀನ್ ಓಪನ್ ಪಾಲಿಸಿ ಅಂತ ಕೇಳಿ. ಮರೀನ್ ಅಂದ ಕೂಡಲೇ ಹಡಗು ಅಂದುಕೊಳ್ಳಬೇಡಿ, ರಸ್ತೆ ಮತ್ತು ರೈಲಿನಲ್ಲಿ ಹೋಗುವ ಮಾಲಿನ ವಿಮೆಯೂ ಇದೇ ವಿಭಾಗದಲ್ಲಿ ಬರುತ್ತದೆ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯಂಟಲ್ ಈ ನಾಲ್ಕೂ ಸರ್ಕಾರಿ ಕಂಪನಿಗಳು ಕೊಡುತ್ತವೆ, ಖಾಸಗಿಯವರೂ ಕೊಡುತ್ತಾರೆ. ವರ್ಷದಲ್ಲಿ ಎಷ್ಟು ಮೌಲ್ಯದ ಮಾಲು ಕಳಿಸುತ್ತೀರಿ ಅಂತ ಅಂದಾಜು ಕೊಟ್ಟು ಆ ಮೊತ್ತಕ್ಕೆ ಪಾಲಿಸಿ ತೆಗೆದುಕೊಳ್ಳುವುದು. ಕಳಿಸಿದ ಪ್ರತಿ ಪಾರ್ಸೆಲ್‌ನ ವಿವರ ಕಂಪನಿಗೆ ಡಿಕ್ಲರೇಷನ್ ಕೊಡುತ್ತಾ ಹೋಗಬೇಕು, ಅಷ್ಟಷ್ಟು ಮೊತ್ತ ಪಾಲಿಸಿಯಿಂದ ಕಡಿಮೆಯಾಗುತ್ತಾ ಬರುತ್ತದೆ. ಒಬ್ಬರೇ ಮಾಡಿಸಿದರೆ ಕನಿಷ್ಠ ಪ್ರೀಮಿಯಂ ಭಾರ ಅನಿಸಬಹುದು, ನೇಕಾರರ ಸಹಕಾರ ಸಂಘದ ಹೆಸರಿನಲ್ಲಿ ಒಟ್ಟಿಗೆ ಕೇಳಿ ನೋಡಿ.

ಇಲ್ಲಿ ಗಮನ ಕೊಡಬೇಕಾದದ್ದು ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಜ್, ಅಂದರೆ ಯಾವ ಯಾವ ನಷ್ಟಕ್ಕೆ ವಿಮೆ ಅಂತ ಹೇಳುವ ಷರತ್ತು, ಯಾವುದು ಅನ್ನುವುದು. ಎ, ಬಿ, ಸಿ ಅಂತ ಮೂರಿವೆ. ಸಿ ಅಂದರೆ ಬೆಂಕಿ ಮತ್ತು ಸಿಡಿಲು ಮಾತ್ರ. ಬಿ ಅಂದರೆ ಅದರ ಜೊತೆಗೆ ಗಾಡಿ ಡಿಕ್ಕಿ, ಪಲ್ಟಿ, ರೈಲು ಹಳಿ ತಪ್ಪುವುದು, ಸೇತುವೆ ಕುಸಿಯುವುದು. ನಿಮಗೆ ಆದದ್ದು ಏನು? ಪೆಟ್ಟಿಗೆ ಬಿಚ್ಚಿ ಸೀರೆ ತೆಗೆದಿದ್ದಾರೆ. ಬಿ ಮತ್ತು ಸಿಯಲ್ಲಿ ಅದಕ್ಕೆ ಒಂದು ಪೈಸೆಯೂ ಬರುವುದಿಲ್ಲ! ಏಜೆಂಟರು ಪ್ರೀಮಿಯಂ ಕಡಿಮೆ ತೋರಿಸೋಕೆ ಬಿ ಹಾಕಿಕೊಟ್ಟದ್ದನ್ನು ನೋಡಿ ನನಗೆ ಬೇಜಾರಾಗಿದೆ, ಜನ ಪಾಲಿಸಿ ಇದೆ ಅಂತ ಧೈರ್ಯವಾಗಿರುತ್ತಾರೆ. ನಿಮಗೆ ಬೇಕಾದದ್ದು ಎ, ಅಂದರೆ ಆಲ್ ರಿಸ್ಕ್. ಇಲ್ಲವೇ ಬಿ ಜೊತೆಗೆ ಟಿಪಿಎನ್‌ಡಿ ಸೇರಿಸಿ, ಕಳ್ಳತನ, ಒಳಗಿನದನ್ನು ಕದಿಯುವುದು, ತಲುಪದೇ ಇರುವುದು ಮೂರೂ ಅದರಲ್ಲಿ ಬರುತ್ತವೆ. ಮುಷ್ಕರ, ಗಲಭೆ ಬೇರೆಯಾಗಿ ಸೇರಿಸಬೇಕು. ಕೊರಿಯರ್ ಮೂಲಕ ಕಳಿಸುವುದು ಅಂತ ಪಾಲಿಸಿಯಲ್ಲಿ ಬರೆದಿದೆಯಾ, ಒಂದು ಸಲಕ್ಕೆ ಮಿತಿ ಎಷ್ಟು, ಎಕ್ಸೆಸ್ (ನಷ್ಟದಲ್ಲಿ ನೀವೇ ಹೊರಬೇಕಾದ ಪಾಲು) ಎಷ್ಟು, ಇಷ್ಟನ್ನೂ ದುಡ್ಡು ಕಟ್ಟುವ ಮೊದಲೇ ಓದಿ.

ಎ ಕ್ಲಾಜ್‌ನಲ್ಲೂ ಕೆಲವಕ್ಕೆ ಕೊಡುವುದಿಲ್ಲ. ಪ್ಯಾಕಿಂಗ್ ಸರಿಯಿಲ್ಲದೆ ಹಾಳಾದದ್ದು, ತಡವಾಗಿ ತಲುಪಿದ್ದರಿಂದ ಆದ ನಷ್ಟ, ವಸ್ತುವಿನ ಸ್ವಭಾವದಿಂದಲೇ ಕೆಟ್ಟದ್ದು. ಸೀರೆ ಮುಹೂರ್ತ ಕಳೆದ ಮೇಲೆ ತಲುಪಿತು ಅಂದರೆ ವಿಮೆ ಇಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತದೆ ಕಳಿಸಿ ಜರಿ ಕಪ್ಪಾದರೆ ತಕರಾರು ಬರುತ್ತದೆ. ಪೆಟ್ಟಿಗೆ ಹೊರಗಿನಿಂದ ಸರಿಯಾಗಿಯೇ ಇದ್ದು ಒಳಗೆ ಮಾಲಿಲ್ಲ ಅಂದರೂ ಕಂಪನಿಗಳು ಪ್ರಶ್ನೆ ಎತ್ತುತ್ತವೆ, ಅದಕ್ಕೇ ಟೇಪ್ ಬದಲಾಗಿದ್ದು ಕಾಣುವ ಫೋಟೊ ಬಹಳ ಮುಖ್ಯ.

ಕ್ಲೈಮ್ ಬಂದಾಗ ಬಿಲ್, ಡಾಕೆಟ್, ಡಾಕೆಟ್‌ಬುಕ್ ಸರ್ ಹೇಳಿದ ಸಿಓಎಫ್ ಬೇಕು. ಜೊತೆಗೆ ನೀವು ಸಾಗಣೆದಾರರಿಗೆ ಕ್ಲೈಮ್ ಪತ್ರ ಕಳಿಸಿದ ಪುರಾವೆ ಬೇಕೇ ಬೇಕು. ಯಾಕೆಂದರೆ ನಿಮಗೆ ದುಡ್ಡು ಕೊಟ್ಟ ಮೇಲೆ ವಿಮೆ ಕಂಪನಿ ನಿಮ್ಮ ಜಾಗದಲ್ಲಿ ನಿಂತು ಸಾಗಣೆದಾರರಿಂದ ವಸೂಲಿ ಮಾಡಿಕೊಳ್ಳುತ್ತದೆ. ನೀವು ನೋಟಿಸ್ ಕೊಡದೆ ಆ ಹಕ್ಕನ್ನು ಕಳೆದರೆ ನಿಮ್ಮ ಮೊತ್ತದಲ್ಲೇ ಕಡಿತ ಮಾಡುತ್ತಾರೆ. ಕಂಪನಿ ಕೊಡದೆ ಎಳೆದಾಡಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ, ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

---

ತೋಪುತೆನೆ (ಇಳಕಲ್)

ಅಕ್ಕ, ನಾವೂ ಸೀರೆಯವರೇ. ಕಾಗದದ ವಿಷಯ ಎಲ್ಲರೂ ಹೇಳಿದ್ದಾರೆ, ನಾನು ಪ್ಯಾಕಿಂಗ್ ಟೇಬಲ್ ವಿಷಯ ಹೇಳುತ್ತೇನೆ. ನಮ್ಮಲ್ಲಿ ಸೀರೆ ಮಡಚಿ ಪೆಟ್ಟಿಗೆಗೆ ಹಾಕೋದರಿಂದ ಹಿಡಿದು ತಕ್ಕಡಿ ಮೇಲೆ ಇಟ್ಟು ತೂಕ ಕಾಣೋವರೆಗೆ ಒಂದೇ ವಿಡಿಯೊ, ನಡುವೆ ನಿಲ್ಲಿಸಲ್ಲ. ಸೆರಗು, ಅಂಚು, ಬಿಲ್ ನಂಬರ್ ಮೂರೂ ವಿಡಿಯೊದಲ್ಲಿ ಬರಬೇಕು. ನಮ್ಮ ಅಂಗಡಿ ಹೆಸರು ಅಚ್ಚಾದ ಟೇಪ್ ಮಾಡಿಸಿದ್ದೇವೆ, ಕಿತ್ತು ಬೇರೆ ಹಾಕಿದರೆ ಗೊತ್ತಾಗಿಬಿಡುತ್ತದೆ. ಪೆಟ್ಟಿಗೆ ಮೇಲೆ "ಸಿಲ್ಕ್ಸ್" ಅನ್ನುವ ಪದ ಬರೆಯಲ್ಲ, ಹೊರಗಿನವರಿಗೆ ಒಳಗೆ ಏನಿದೆ ಅಂತ ಗೊತ್ತಾಗೋದು ಬೇಡ. ಬಿಲ್ ಮತ್ತು ಡಾಕೆಟ್‌ನಲ್ಲಿ ಮಾತ್ರ ಸರಿಯಾಗಿ ಬರೆಸುತ್ತೇವೆ. ಪಾರ್ಸೆಲ್ ಹೊರಟ ದಿನವೇ ಗ್ರಾಹಕರಿಗೆ ಪೆಟ್ಟಿಗೆಯ ನಾಲ್ಕೂ ಕಡೆಯ ಫೋಟೊ ಮತ್ತು ತೂಕ ಕಳಿಸುತ್ತೇವೆ, ಬಂದದ್ದು ಹಾಗೆಯೇ ಇದೆಯಾ ಅಂತ ಅವರು ಹೋಲಿಸಿ ನೋಡಿ ತೆಗೆದುಕೊಳ್ಳುತ್ತಾರೆ.

---

ಮಗ್ಗದಮನೆ (ಮೊಳಕಾಲ್ಮೂರು)

ಇದು ತುಂಬಾ ಉಪಯೋಗ ಆಯಿತು. ಸಂಘದವರ ಹತ್ತಿರ ಒಟ್ಟಿಗೆ ಪಾಲಿಸಿ ಬಗ್ಗೆ ಮಾತಾಡುತ್ತೇವೆ. ಅದು ಆಗುವವರೆಗೆ 15 ಸಾವಿರ ಮೇಲಿನದೆಲ್ಲ ಅಂಚೆಯಲ್ಲೇ ವಿಮೆ ಮಾಡಿಸಿ ಕಳಿಸುತ್ತೇವೆ. ವಿಮೆಯ ಖರ್ಚನ್ನು ಗ್ರಾಹಕರ ಹತ್ತಿರ ಬೇರೆಯಾಗಿ ಕೇಳಬಹುದಾ? ಕೆಲವರು "ವಿಮೆ ಬೇಡ, ಆ ದುಡ್ಡು ಬಿಟ್ಟುಕೊಡಿ" ಅನ್ನುತ್ತಾರೆ.

---

ಕಾಯ್ದೆಕಟ್ಟಳೆ (ಬೆಂಗಳೂರು)

ಕೇಳಬಹುದು, ಆದರೆ ಬೇಡ ಅಂದವರಿಗೆ ಬಿಟ್ಟುಕೊಡಬೇಡಿ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಸಾಗಣೆದಾರರ ಕೈಗೆ ಕೊಟ್ಟರೆ ಕೊಂಡವರಿಗೆ ಕೊಟ್ಟ ಹಾಗೆ ಅಂತ ಇದೆ ನಿಜ. ಅದರ ಪಕ್ಕದಲ್ಲೇ, ಮಾಲಿನ ಸ್ವಭಾವಕ್ಕೆ ತಕ್ಕ ಹಾಗೆ ಸಾಗಣೆಯ ಒಪ್ಪಂದ ಮಾಡಿಕೊಳ್ಳುವುದು ಮಾರುವವರ ಕೆಲಸ, ಮಾಡದಿದ್ದರೆ ಕೊಂಡವರು ಅದನ್ನು ಒಪ್ಪಬೇಕಿಲ್ಲ ಅಂತಲೂ ಇದೆ. ಬೆಲೆಬಾಳುವ ರೇಷ್ಮೆಯನ್ನು ಓನರ್ಸ್ ರಿಸ್ಕ್‌ನಲ್ಲಿ ವಿಮೆ ಇಲ್ಲದೆ ಕಳಿಸಿದರೆ ಪ್ರಶ್ನೆ ನಿಮ್ಮ ಮೇಲೇ ಬರುತ್ತದೆ.

---

ತೋಪುತೆನೆ (ಇಳಕಲ್)

ನಾವು ಸೀರೆ ಬೆಲೆಯಲ್ಲೇ ಸೇರಿಸುತ್ತೇವೆ ಅಕ್ಕ, ಬೇರೆಯಾಗಿ ತೋರಿಸಿದರೆ ಚೌಕಾಸಿ ಶುರುವಾಗುತ್ತದೆ. "ಬೆಲೆಯಲ್ಲಿ ವಿಮೆ ಸೇರಿದೆ, ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ" ಅಂತ ಆರ್ಡರ್ ಒಪ್ಪಿಕೊಳ್ಳುವಾಗಲೇ ಮೆಸೇಜ್ ಹಾಕುತ್ತೇವೆ. ಇಲ್ಲಿಯವರೆಗೆ ಅದಕ್ಕೆ ಬೇಡ ಅಂದವರಿಲ್ಲ.

---

ಅರಗುಮೊಹರು

ಮಗ್ಗದಮನೆ, ವಿಮೆ ಪಾರ್ಸೆಲ್ ಇದ್ದ ದಿನ ಕಚೇರಿಗೆ ಬೆಳಿಗ್ಗೆಯೇ ಹೋಗಮ್ಮಾ, ಸಂಜೆ ಚೀಲ ಕಟ್ಟುವ ಹೊತ್ತಿಗೆ ಹೋದರೆ ಮೊಹರು, ತೂಕ ಎಲ್ಲ ಅವಸರದಲ್ಲಿ ಆಗುತ್ತದೆ. ರಸೀದಿಯಲ್ಲಿ ವಿಮೆಯ ಮೊತ್ತ ಅಚ್ಚಾಗಿದೆಯಾ ಅಂತ ಕೌಂಟರ್ ಬಿಡುವ ಮೊದಲು ನೋಡು. ಅಚ್ಚಾಗಿಲ್ಲ ಅಂದರೆ ವಿಮೆ ಆಗಿಲ್ಲ ಅಂತಲೇ ಅರ್ಥ, ಅಲ್ಲೇ ನಿಂತು ಸರಿ ಮಾಡಿಸಿಕೋ. ಪಾರ್ಸೆಲ್ ತಲುಪದಿದ್ದರೆ ಅಂಚೆ ಸಹಾಯವಾಣಿ 1800 266 6868ಕ್ಕೆ ಫೋನ್ ಮಾಡು, ಜೊತೆಗೆ ಬುಕ್ ಮಾಡಿದ ಕಚೇರಿಯಲ್ಲೂ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೋ.